ಕಾಲು ನನ್ನವು, ಕೈ ಅತ್ತೆಯವು

ನಮ್ಮ ಹಿತ್ತಲಿನಲ್ಲಿ ಒಂದು ಗುಲಾಬಿ ಬಣ್ಣದ ಪ್ಲಾಸ್ಟಿಕ್ ತೊಟ್ಟಿ ಬಿದ್ದಿದೆ. ಬಾತುಕೋಳಿಯ ಆಕಾರದ್ದು. ಮುಂದೆ ಕೊಕ್ಕು, ಹಿಂದೆ ಪುಕ್ಕ, ನಡುವೆ ಕೂಸನ್ನು ಮಲಗಿಸಿ ನೀರು ಎರೆಯಲಿಕ್ಕೆ ಅಂತ ಮಾಡಿದ ಗುಂಡಿ. ಹಡೆದು ಬಂದ ಮೊಮ್ಮಗಳು ಸವಿತಾ ಮೊಬೈಲಿನಲ್ಲಿ ಒತ್ತಿ ತರಿಸಿದ್ದು. ಈಗ ಅದರಲ್ಲಿ ಪಕ್ಕದ ಮನೆಯ ಫಾತಿಮಾಳ ಕೋಳಿಗಳು ನೀರು ಕುಡಿಯುತ್ತವೆ. ಇವತ್ತು ಮುಂಜಾನೆ ಒಂದು ಹುಂಜ ಆ ಕೊಕ್ಕಿನ ಮೇಲೆಯೇ ಹತ್ತಿ ನಿಂತು ಕೂಗುತ್ತಿತ್ತು. ನನಗೆ ನಗೆ ಬಂತು. ನಗೆಯ ಹಿಂದೆಯೇ ನನ್ನ ಅತ್ತೆ ಗಂಗವ್ವ ನೆನಪಾದಳು. ಅತ್ತೆಗೆ ಈ ತೊಟ್ಟಿ ತೋರಿಸಿದ್ದರೆ ಏನು ಅನ್ನುತ್ತಿದ್ದಳು ಅಂತ ಯೋಚನೆ ಮಾಡಿದೆ. ಏನೂ ಅನ್ನುತ್ತಿರಲಿಲ್ಲ. ಬಚ್ಚಲಲ್ಲಿ ಕುಳಿತು ನನ್ನ ಕಾಲು ಹಿಡಿದು ಎಳೆದುಕೊಳ್ಳುತ್ತಿದ್ದಳು.

ಕಾಲು ಯಾಕೆ ಅಂತ ಕೇಳುತ್ತೀರಿ. ಹೇಳುತ್ತೇನೆ, ಸ್ವಲ್ಪ ತಡೀರಿ. ಅದಕ್ಕಿಂತ ಮೊದಲು ಇನ್ನೊಂದು ಮಾತು ಹೇಳಿಬಿಡಬೇಕು. ಈ ವಯಸ್ಸಿನ ಹೆಂಗಸು ಅಂದರೆ ಕೂಸಿಗೆ ಎರೆಯಲು ಬಂದೇ ಬರುತ್ತದೆ ಅಂತ ಜನ ತಿಳಿದಿರುತ್ತಾರೆ. ತಲೆ ಬೆಳ್ಳಗಾದರೆ ಸಾಕು, ತಂದು ಮಡಿಲಿಗೆ ಹಾಕಿಬಿಡುತ್ತಾರೆ. ನಾನು ಮಕ್ಕಳನ್ನು ಹಡೆದವಳು, ಮೊಮ್ಮಕ್ಕಳನ್ನು ಕಂಡವಳು. ಆದರೆ ಈ ವರ್ಷದವರೆಗೆ ಒಂದು ಕೂಸಿಗೂ ನನ್ನ ಕೈಯಾರೆ ನೀರು ಹಾಕಿದವಳಲ್ಲ.

ಇದಕ್ಕೆ ಕಾರಣ ನಮ್ಮ ಊರು. ನಾನು ಹುಟ್ಟಿದ್ದು ಮೋಟೆಬೆನ್ನೂರಿನಲ್ಲಿ. ಕೊಟ್ಟದ್ದು ಬ್ಯಾಡಗಿಗೆ. ದೂರ ಏನಲ್ಲ, ಆದರೂ ಗಾಳಿಯೇ ಬೇರೆ. ಬ್ಯಾಡಗಿಯ ಗಾಳಿಯಲ್ಲಿ ಮೆಣಸಿನಕಾಯಿ ಇರುತ್ತದೆ. ಮದುವೆಯ ಅರಿಷಿಣ ಇನ್ನೂ ಕೈಯಲ್ಲಿರುವಾಗಲೇ ನನ್ನನ್ನು ಪ್ಯಾಟಿಗೆ, ಅಂದರೆ ಮೆಣಸಿನಕಾಯಿ ಮಾರುಕಟ್ಟೆಗೆ, ತುಂಬು ಬಿಡಿಸಲು ಕಳಿಸಿದರು. ತುಂಬು ಬಿಡಿಸುವುದು ಅಂದರೆ ಒಣ ಮೆಣಸಿನಕಾಯಿಯ ತೊಟ್ಟು ಕೀಳುವುದು. ಕೆಂಪು ರಾಶಿಯ ಸುತ್ತ ಹೆಂಗಸರು ಸಾಲಾಗಿ ಕುಳಿತು, ಬಾಯಿ ಒಂದು ಕಡೆ ಕೈ ಒಂದು ಕಡೆ ಓಡಿಸುತ್ತ, ಹೊತ್ತು ಮುಳುಗುವ ತನಕ ಕೀಳುವುದು. ಅರಿಷಿಣ ಹೋಗಿ ಕೆಂಪು ಬಂತು. ಆ ಕೆಂಪು ಮತ್ತೆ ಹೋಗಲಿಲ್ಲ.

ನಮ್ಮ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತ ಊರ ಮಂದಿ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ನಾಲಗೆಗೆ ಕಡಿಮೆ ಇರಬಹುದು. ಕೂಸಿನ ಕಣ್ಣಿಗೆ ಯಾವ ಮೆಣಸಿನಕಾಯಿಯೂ ಕಡಿಮೆ ಅಲ್ಲ.

ಮೊದಲನೆಯ ಮಗ ಬಸವರಾಜನನ್ನು ತವರಿನಲ್ಲಿ ಹಡೆದೆ. ಅಲ್ಲಿ ಎರೆದವಳು ನಮ್ಮವ್ವ. ಬಾಣಂತಿ ತಣ್ಣೀರು ಮುಟ್ಟುವ ಹಾಗಿಲ್ಲ ಅಂತ ನನ್ನನ್ನು ಬಚ್ಚಲ ಕಡೆಗೇ ಬಿಡಲಿಲ್ಲ. ಕೂಸು ಕಟ್ಟಿಕೊಂಡು ಬ್ಯಾಡಗಿಗೆ ಬಂದೆ, ಮತ್ತೆ ಪ್ಯಾಟಿಗೆ ಹೋದೆ. ಮೊದಲ ದಿನ ಸಂಜೆ ಮನೆಗೆ ಬಂದು ಕೈ ತೊಳೆದು ತೊಟ್ಟಿಲಿಗೆ ಕೈ ಹಾಕಿದೆ ನೋಡ್ರಿ, ಅತ್ತೆ ಅಡ್ಡ ನಿಂತಳು.

"ಮೊದಲ ನಿನ್ನ ಕಣ್ಣಾಗ ಬೆರಳ ಇಡು."

"ಯಾಕ್ರಿ ಅತ್ತಿ?"

"ಇಡು ಅಂದ್ರ ಇಡು."

ಇಟ್ಟೆ. ಆಮೇಲೆ ಎಷ್ಟೋ ಹೊತ್ತು ಬಚ್ಚಲಲ್ಲಿ ಕುಳಿತು ಕಣ್ಣಿಗೆ ನೀರು ಹೊಡೆದುಕೊಂಡೆ. ಅತ್ತೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. "ನಿನಗ ಹಿಂಗಾತಲ್ಲ, ಅದಕ್ಕ ಹೆಂಗ ಆಗ್ತಿತ್ತು?" ಅಂದಳು. ಅಷ್ಟೇ. ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಅವತ್ತಿನಿಂದ ಅದು ನಮ್ಮ ಮನೆಯ ಕಾಯ್ದೆ. ಕೂಸು ಮುಟ್ಟುವವರು ಮೊದಲು ತಮ್ಮ ಕಣ್ಣಿಗೆ ಬೆರಳಿಟ್ಟುಕೊಳ್ಳಬೇಕು. ಗಂಡಸರೂ ಅಷ್ಟೇ. ನಮ್ಮ ಮಾವ ಮೊಮ್ಮಗನನ್ನು ಎತ್ತಿಕೊಳ್ಳುವ ಆಸೆಗೆ ದಿನಾ ಕಣ್ಣು ಕೆಂಪಗೆ ಮಾಡಿಕೊಂಡು ಓಡಾಡುತ್ತಿದ್ದರು. ಊರ ಮಂದಿ ಅವರು ಕುಡಿಯಲು ಹತ್ತಿದ್ದಾರೆ ಅಂತ ಮಾತಾಡಿಕೊಂಡರು.

ನಾನು ಹಾಲು ಕೊಡಬೇಕಾದರೆ ಅತ್ತೆ ಕೂಸನ್ನು ತಂದು ಮಡಿಲಲ್ಲಿ ಇಟ್ಟು, ತಲೆ ಹಿಡಿದು ಬಾಯಿ ಹಚ್ಚಿ ಕೊಡುತ್ತಿದ್ದಳು. ನನ್ನ ಎರಡೂ ಕೈ ಮದರಂಗಿ ಹಚ್ಚಿಕೊಂಡವಳ ಹಾಗೆ ಆಚೆ ಈಚೆ ಚಾಚಿರುತ್ತಿದ್ದವು. ಜೋಗುಳ ಹಾಡುವುದಕ್ಕೆ ಬಾಯಿ ಇತ್ತು, ತೊಟ್ಟಿಲು ತೂಗುವುದಕ್ಕೆ ಕಾಲಿತ್ತು. ಹಗ್ಗವನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ರೊಟ್ಟಿ ಬಡಿಯುತ್ತಲೇ ತೂಗುತ್ತಿದ್ದೆ. ಮುಖದ ಮೇಲಿನ ನೊಣ ಮೊಣಕೈಯಿಂದ ಓಡಿಸುತ್ತಿದ್ದೆ. ನನ್ನ ಮಕ್ಕಳನ್ನು ನಾನು ಕಾಲಿನಿಂದ ಬೆಳೆಸಿದೆ ಅಂದರೆ ಸುಳ್ಳಲ್ಲ.

ಸುಗ್ಗಿ ಮುಗಿದ ಮೇಲಾದರೂ ಕೈ ಬಿಡುವಾಗುತ್ತಿರಲಿಲ್ಲವೇ ಅಂತ ಕೇಳಬಹುದು. ಆಗುತ್ತಿತ್ತು. ಆದರೆ ಅತ್ತೆ ಬಿಡಬೇಕಲ್ಲ. "ಉಗುರಾಗ ಕುಂತಿರ್ತೈತಿ ಅದು, ಕಾಣೂದಿಲ್ಲ" ಅನ್ನುತ್ತಿದ್ದಳು. ಖರೆ ಹೇಳಬೇಕೆಂದರೆ ಅವಳಿಗೆ ಎರೆಯುವುದು ಭಾಳ ಇಷ್ಟ. ಮನೆಯಲ್ಲಿ ಬೇರೆ ಯಾವ ಕೆಲಸ ಬೇಕಾದರೂ ಕಸಿದುಕೊಳ್ಳಿ, ಅದನ್ನು ಮಾತ್ರ ಕಸಿದುಕೊಳ್ಳುವ ಹಾಗಿರಲಿಲ್ಲ. ನಾನೂ ಹಟ ಮಾಡಲಿಲ್ಲ. ಮುಂಜಾನೆಯ ಒಂದು ಕೆಲಸ ತಪ್ಪಿತು ಅಂತ ಸುಮ್ಮನಿದ್ದೆ.

ಮುಂದಿನ ಕೂಸು ಹುಟ್ಟುವ ಹೊತ್ತಿಗೆ ಅತ್ತೆಯ ಮೊಳಕಾಲು ಮುನಿಸಿಕೊಂಡವು. ಮಡಚಿದರೆ ಬಿಚ್ಚುತ್ತಿರಲಿಲ್ಲ. ಎರೆಯುವವಳು ಎರಡೂ ಕಾಲು ನೀಡಿ ಕುಳಿತರಲ್ಲವೇ ಕೂಸು ಮಲಗಲು ಜಾಗ. ಬೇರೆ ಯಾರಾದರೂ ಆಗಿದ್ದರೆ ಇನ್ನು ನೀನೇ ನೋಡಿಕೋ ಅನ್ನುತ್ತಿದ್ದರು. ಅತ್ತೆ ಒಂದು ಮಣೆ ಹಾಕಿಕೊಂಡು ನನ್ನ ಎದುರಿಗೆ ಕುಳಿತಳು.

"ನಿನ್ನ ಕಾಲು ಚಾಚು" ಅಂದಳು.

"ಕೈ ಏನ ಮಾಡ್ಲಿ?"

"ಬೆನ್ನ ಹಿಂದ ಇಟ್ಕೋ."

ಹೀಗೆ ನಮ್ಮಿಬ್ಬರಿಂದ ಒಬ್ಬ ಎರೆಯುವವಳು ತಯಾರಾದಳು. ಕಾಲು ನನ್ನವು, ಕೈ ಅತ್ತೆಯವು. ಹಂಡೆಯ ನೀರು ಬೆರೆಸಿ ಮೊದಲ ಚೊಂಬು ನನ್ನ ಕಾಲಿನ ಮೇಲೆ ಹಾಕಿ ನನ್ನ ಮುಖ ನೋಡುತ್ತಿದ್ದಳು. ನಾನು ಮುಖ ಕಿವಿಚಿದರೆ ತಣ್ಣೀರು ಬೆರೆಸುವುದು, ಸುಮ್ಮನಿದ್ದರೆ ಕೂಸನ್ನು ಮಲಗಿಸುವುದು. ಎಣ್ಣೆ ಹಚ್ಚಿ ತೊಡೆ, ತೋಳು, ಬೆನ್ನು ತಿಕ್ಕುವಳು. ಕಡಲೆಹಿಟ್ಟು ಹಚ್ಚುವಳು. ಬೋರಲು ಹಾಕಿ ನೀರು ಸುರಿಯುವಳು. ಕೂಸು ಅಳುವ ಮೊದಲು ಅದರ ಹೊಟ್ಟೆ ಬಿಗಿಯುವುದು ನನ್ನ ಮೊಳಕಾಲಿಗೆ ತಿಳಿಯುತ್ತಿತ್ತು. ಜಾರುವ ಮೊದಲು ಹಿಮ್ಮಡಿಗೆ ತಿಳಿಯುತ್ತಿತ್ತು. ನಾನು ಪಾದ ಕೂಡಿಸಿದರೆ ಅತ್ತೆ ಹಿಡಿತ ಬದಲಿಸುತ್ತಿದ್ದಳು. ಮಾತೇ ಬೇಕಿರಲಿಲ್ಲ. ಬೇರೆ ಹೊತ್ತಿನಲ್ಲಿ ನಾವಿಬ್ಬರೂ ಉಪ್ಪಿಗೊಂದು ಹುಳಿಗೊಂದು ಜಗಳಾಡುತ್ತಿದ್ದೆವು, ಅದು ಬೇರೆ ಮಾತು.

ಎರೆದಾದ ಮೇಲೆ ದೃಷ್ಟಿ ತೆಗೆಯುವುದು. ಇದನ್ನು ಹೇಳದಿದ್ದರೆ ನನ್ನ ಮನಸ್ಸಿಗೆ ಸಮಾಧಾನ ಇಲ್ಲ. ಉಪ್ಪು, ಮೆಣಸಿನಕಾಯಿ ಕೂಸಿಗೆ ಇಳಿ ತೆಗೆದು ಒಲೆಗೆ ಹಾಕುತ್ತಾರಲ್ಲ, ಘಾಟು ಬಂದರೆ ದೃಷ್ಟಿ ಆಗಿಲ್ಲ, ಬರದಿದ್ದರೆ ಆಗಿದೆ ಅಂತ ಲೆಕ್ಕ. ನಮ್ಮ ಮನೆಯಲ್ಲಿ ಒಂದು ದಿನವೂ ಘಾಟು ಬರುತ್ತಿರಲಿಲ್ಲ. "ನೋಡು, ಎಷ್ಟ ದೃಷ್ಟಿ ಆಗೈತಿ" ಅಂತ ಅತ್ತೆ ಇನ್ನೊಂದು ಹಿಡಿ ಹಾಕುವಳು. ಅದಕ್ಕೂ ಇಲ್ಲ. ಮತ್ತೊಂದು ಹಿಡಿ. ಒಮ್ಮೆ ಮೋಟೆಬೆನ್ನೂರಿನಿಂದ ನಮ್ಮ ಚಿಕ್ಕವ್ವ ಬಂದಿದ್ದಳು. ಅತ್ತೆ ಒಲೆಗೆ ಮೆಣಸಿನಕಾಯಿ ಹಾಕಿದ್ದೇ ತಡ, ಚಿಕ್ಕವ್ವ ಕೆಮ್ಮಿ, ಸೀನಿ, ಸೆರಗು ಮುಚ್ಚಿಕೊಂಡು ಬೀದಿಗೆ ಓಡಿದಳು. ನಮಗೆ ಒಬ್ಬರಿಗೂ ಏನೂ ಆಗಿರಲಿಲ್ಲ. ಆಗ ನನಗೆ ಹೊಳೆಯಿತು. ಈ ಊರಿನ ಗಾಳಿ ಕುಡಿದು ಕುಡಿದು ನಮ್ಮ ಮೂಗು ಯಾವತ್ತೋ ಸತ್ತುಹೋಗಿವೆ, ದೃಷ್ಟಿಯೂ ಇಲ್ಲ ಎಂಥದೂ ಇಲ್ಲ. ಅತ್ತೆಗೆ ಹೇಳಿದೆ. ಅವಳು ಬೀದಿಯಲ್ಲಿ ಕೆಮ್ಮುತ್ತಿದ್ದ ನಮ್ಮ ಚಿಕ್ಕವ್ವನನ್ನು ಒಂದು ಸಲ ನೋಡಿದಳು. "ಯಾರ ಕಣ್ಣು ಬಿದ್ದಿತ್ತೋ ಅವರ ಓಡಿಹೋದರು ನೋಡು" ಅಂದಳು.

ಬಸವರಾಜ ದೊಡ್ಡವನಾಗಿ, ಅವನಿಗೆ ಶಾಂತವ್ವನನ್ನು ತಂದು, ಅವರಿಗೆ ಸವಿತಾ ಹುಟ್ಟಿದಾಗಲೂ ನಾವಿಬ್ಬರೂ ಹಾಗೇ ಎದುರುಬದರು ಕುಳಿತೆವು. ಶಾಂತವ್ವ ಆ ಹೊತ್ತಿಗೆ ಪ್ಯಾಟಿಗೆ ಹೋಗಿರುತ್ತಿದ್ದಳು, ನಾವು ಹೇಗೆ ಎರೆಯುತ್ತೇವೆ ಅಂತ ಅವಳು ನೋಡಿದ್ದೇ ಇಲ್ಲ. ಸವಿತಾ ಹೊಸ್ತಿಲು ದಾಟಿ ಓಡಾಡುವ ಹೊತ್ತಿಗೆ ಅತ್ತೆ ಹೋದಳು. ಅಲ್ಲಿಗೆ ನನ್ನ ಕಾಲಿನ ಕೆಲಸವೂ ಮುಗಿಯಿತು ಅಂದುಕೊಂಡೆ.

ಮುಗಿದಿರಲಿಲ್ಲ. ಈ ಸುಗ್ಗಿಯಲ್ಲಿ ಸವಿತಾ ಹಾವೇರಿಯ ಆಸ್ಪತ್ರೆಯಲ್ಲಿ ಹೆಣ್ಣು ಹಡೆದು ಬಾಣಂತನಕ್ಕೆ ನಮ್ಮ ಮನೆಗೆ ಬಂದಳು. ಅವಳನ್ನು ಕೊಟ್ಟದ್ದು ರಾಣೆಬೆನ್ನೂರಿಗೆ. ಗಂಡ ಅಲ್ಲಿ ಬೀಜದ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಖಾರ ಕುಟ್ಟುವ ಗಿರಣಿ ಇದೆ. ಬಸವರಾಜ ಮಷೀನು ನೋಡುತ್ತಾನೆ, ಶಾಂತವ್ವ ಮೆಣಸಿನಕಾಯಿ ಹುರಿದು ಕೊಡುತ್ತಾಳೆ. ಸುಗ್ಗಿಯಲ್ಲಿ ಅವರಿಬ್ಬರೂ ಹುಬ್ಬಿನ ತನಕ ಕೆಂಪಗಿರುತ್ತಾರೆ. ಓಣಿಯಲ್ಲಿ ಎರೆಯುವ ಮುದುಕಿ ಒಬ್ಬಳಿದ್ದಳು, ಅವಳು ತನ್ನ ಮಗಳ ಬಾಣಂತನಕ್ಕೆ ಅಗಡಿ ಊರಿಗೆ ಹೋಗಿ ಕುಳಿತಿದ್ದಳು. ಎಲ್ಲರೂ ನನ್ನ ಕಡೆ ತಿರುಗಿದರು.

"ನನಗ ಎರಿಯಾಕ ಬರೂದಿಲ್ಲ" ಅಂದೆ.

"ಸುಮ್ನಿರ್ರಿ ಅತ್ತಿ, ಚಾಷ್ಟಿ ಮಾಡಬ್ಯಾಡ್ರಿ" ಅಂದಳು ಶಾಂತವ್ವ, ತಮಾಷೆ ಅಂತ ತಿಳಿದು.

"ಚಾಷ್ಟಿ ಅಲ್ಲ. ನಿನ್ನ ಗಂಡಗೂ ನಾ ಎರದಿಲ್ಲ."

ಯಾರೂ ನಂಬಲಿಲ್ಲ. ವಯಸ್ಸಾದ ಮೇಲೆ ಮೈ ಬಗ್ಗದವರು ಹೇಳುವ ನೆವ ಅಂದುಕೊಂಡರು. ಗೋಡೆಯ ಆಚೆಯಿಂದ ಫಾತಿಮಾ ಇಣುಕಿದಳು. "ಏನಕ್ಕಾ, ಹಡಿಯಾಕ ಬಂತು, ಎರಿಯಾಕ ಬರೂದಿಲ್ಲಾ?" ಅಂದಳು. ಅವಳಿಗೆ ನಮ್ಮ ಮನೆಯ ಮಾತೆಂದರೆ ಊಟಕ್ಕಿಂತ ಹೆಚ್ಚು.

ಆಗ ಬಂದದ್ದು ಈ ಗುಲಾಬಿ ಬಾತುಕೋಳಿ. ಸವಿತಾ ಅದರಲ್ಲಿ ನೀರು ತುಂಬಿಸಿ ಕೂಸನ್ನು ಇಟ್ಟಳು. ಕೂಸಿಗೆ ಕೆಳಗೆ ಆಸರೆಗೆ ಏನೂ ಹತ್ತಲಿಲ್ಲ. ಕೈ ಕಾಲು ಬಡಿದು ಅದು ಕೂಗಿದ ಕೂಗಿಗೆ ಗಿರಣಿಯಲ್ಲಿ ನಿಂತ ಗಿರಾಕಿಗಳು ಒಳಗೆ ಬಂದು ನೋಡಿದರು. ನನಗೆ ತಡೆಯಲಾಗಲಿಲ್ಲ. ಬಚ್ಚಲಲ್ಲಿ ಕುಳಿತು ಕಾಲು ನೀಡಿದೆ. "ತಾ ಇಲ್ಲೆ, ಇದರ ಮ್ಯಾಲ ಹಾಕು. ಇಷ್ಟ ನನಗ ಗೊತ್ತೈತಿ" ಅಂದೆ. ಹಾಕಿದಳು. ಕೂಸು ಒಮ್ಮೆ ಉಸಿರೆಳೆದು ಸುಮ್ಮನಾಯಿತು. ಸವಿತಾ ಮಣೆಯ ಮೇಲೆ ಕುಳಿತು ಅಂಜುತ್ತ ಅಂಜುತ್ತ ನೀರು ಹಾಕಿದಳು. ನಾನು ಕಾಲಿಗೆ ತಿಳಿದದ್ದನ್ನು ಬಾಯಿಂದ ಹೇಳಿದೆ. ಈಗ ಬಿಸಿ ಆತು, ಈಗ ಜಾರತೈತಿ, ಈಗ ಬೋರಲ ಹಾಕು.

"ಅಜ್ಜಿ, ಕೈ ಯಾಕ ಹಿಂದ ಕಟ್ಕೊಂಡಿ?" ಅಂದಳು ಸವಿತಾ.

ನಾನು ನೋಡಿಕೊಂಡೆ. ಖರೇನೇ ಹಿಂದೆ ಹೋಗಿ ಕುಳಿತಿದ್ದವು. ನಾನು ಇಟ್ಟಿರಲಿಲ್ಲ.

"ಪೊಲೀಸರು ಹಿಡದಾರ ಆಕೀನ್ನ" ಅಂದಳು ಫಾತಿಮಾ ಗೋಡೆಯ ಮೇಲಿಂದ.

ದಿನಾ ಹೀಗೇ ನಡೆಯಿತು. ಮುಂಜಾನೆ ಕೂಸು ಏಳುವುದು, ಅರಿವೆ ಬದಲಿಸುವುದು, ಹಾಲು, ತೇಗು, ಎಣ್ಣೆ, ನೀರು, ಬಿಗಿಯಾಗಿ ಸುತ್ತಿ ಮಲಗಿಸುವುದು. ಎದ್ದರೆ ಮತ್ತೆ ಅರಿವೆಯಿಂದ ಶುರು. ತಾಯಿ ಕೂಸನ್ನು ನೋಡಲು ಆಸ್ಪತ್ರೆಯಿಂದ ಬರುವ ಹುಡುಗಿ ಅತ್ತೆಯ ಪದ್ಧತಿಯಲ್ಲಿ ಅರ್ಧ ಹೊಡೆದು ಹಾಕಿದಳು. ಕಿವಿಗೆ ಎಣ್ಣೆ ಬೇಡ, ಕಣ್ಣಿಗೆ ಕಾಡಿಗೆ ಬೇಡ, ತೊಟ್ಟಿಲ ಹತ್ತಿರ ಹೊಗೆ ಬೇಡ. ನನಗೇನು ದುಃಖ ಆಗಲಿಲ್ಲ. ಹೊಗೆಯಲ್ಲಿ ಕೆಮ್ಮಿ ಬೆಳೆದವರು ನಾವೇ ಅಲ್ಲವೇ. ಕಾಲಿನ ಕೆಲಸ ಮುಗಿದ ಮೇಲೆ ನನ್ನ ಕೈ ಖಾಲಿ. ಮಧ್ಯಾಹ್ನ ಗಿರಣಿಯಲ್ಲಿ ಕುಳಿತು ತುಂಬು ಬಿಡಿಸುತ್ತಿದ್ದೆ. ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ತಂದದ್ದು ನನ್ನ ಬಾಯಿ. ಒಂದು ದಿನ ರಾಣೆಬೆನ್ನೂರಿನಿಂದ ಬೀಗತಿ ಸುಮಂಗಲವ್ವನ ಫೋನು ಬಂತು. ಸವಿತಾಳ ಅತ್ತೆ. ಜೋರಿನ ಹೆಂಗಸು, ಆದರೆ ಕೆಟ್ಟವಳಲ್ಲ. ಶಾಂತವ್ವನ ಕೈ ಖಾರ ಆಗಿದ್ದರಿಂದ ಫೋನನ್ನು ಮಣೆಯ ಮೇಲೆ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದ್ದರು.

"ಕೂಸಿಗೆ ಎರಿಯೂದು ಯಾರ್ರಿ?" ಅಂದಳು ಸುಮಂಗಲವ್ವ.

"ನಮ್ಮ ಅತ್ತಿಯವರ ಎರೀತಾರ್ರಿ" ಅಂದಳು ಶಾಂತವ್ವ.

"ಅರ್ಧಾ ನಾ ಎರೀತೇನ್ರಿ" ಅಂದೆ ನಾನು.

"ಅರ್ಧಾ ಅಂದ್ರ?"

"ಕಾಲು ನನ್ನವು, ಕೈ ಸವಿತಾಂದು."

ಶಾಂತವ್ವ ನನ್ನನ್ನು ಸುಡುವ ಹಾಗೆ ನೋಡಿದಳು. ಫೋನಿನಿಂದ ಸುಮಂಗಲವ್ವನ ದನಿ ಬಂತು. "ಬಾಣಂತಿ ಬಗ್ಗಿ ನೀರಾಗ ಕೈ ಹಾಕಿ ಎರಿಯಾಕತ್ತಾಳೇನು? ನಾಳೆ ಆಕೀಗೆ ನಡಾ ಹಿಡದ್ರ ಯಾರ ನೋಡಬೇಕು? ಎರಿಯಾಕ ಮಂದಿ ಇಲ್ಲಂದ್ರ ಹೇಳಬೇಕಿಲ್ರಿ? ಸೋಮವಾರ ನಾ ವರ್ಷದ ಮೆಣಸಿನಕಾಯಿಗೆ ಬ್ಯಾಡಗಿಗೆ ಬರಾಕಿ ಅದೇನಿ. ತಾಯಿ ಕೂಸು ಇಬ್ಬರನ್ನೂ ಕರ್ಕೊಂಡ ಬರ್ತೇನಿ."

ಸವಿತಾ ಕೂಸಿನ ಅರಿವೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅಲ್ಲಿ ಅವಳಿಗೆ ಯಾರೂ ಕಷ್ಟ ಕೊಡುವುದಿಲ್ಲ. ಆದರೆ ಅತ್ತೆಯ ಮನೆಯಲ್ಲಿ ಬಾಣಂತಿ ಬಾಗಿಲು ಸದ್ದಾದರೆ ಎದ್ದು ಕೂಡಬೇಕು, ಇಲ್ಲಿ ಮಧ್ಯಾಹ್ನ ಅಂಗಾತ ಬಿದ್ದುಕೊಂಡು ಗೊರಕೆ ಹೊಡೆಯಬಹುದು. ಆಮೇಲೆ ನನ್ನ ಕಡೆ ತಿರುಗಿ ಅಂದಳು:

"ನಿನ್ನ ಖರೇ ಮಾತು ಕುಟ್ಟಿ ಪುಡಿ ಮಾಡಿ ಮಾರಬೇಕು ನೋಡಜ್ಜಿ. ನಮ್ಮ ಖಾರಕ್ಕಿಂತ ಹೆಚ್ಚ ಹೋಗತೈತಿ."

ಕೆಡಿಸಿದವಳು ನಾನು, ಸರಿಮಾಡಬೇಕಾದವಳೂ ನಾನೇ. ಸೋಮವಾರದೊಳಗೆ ಎರೆಯಲು ಕಲಿಯುತ್ತೇನೆ ಅಂದೆ. ಅವತ್ತಿನಿಂದ ಮೆಣಸಿನಕಾಯಿ ಮುಟ್ಟಲಿಲ್ಲ. ಉಗುರು ಬುಡಕ್ಕೆ ಕತ್ತರಿಸಿಕೊಂಡೆ. ಮಜ್ಜಿಗೆಯಲ್ಲಿ ಕೈ ನೆನೆಸಿಟ್ಟೆ, ಎಣ್ಣೆ ತಿಕ್ಕಿದೆ, ಕಡಲೆಹಿಟ್ಟು ತಿಕ್ಕಿದೆ. ದಿನಾ ಕಣ್ಣಿಗೆ ಬೆರಳಿಟ್ಟು ನೋಡಿದೆ. ಮೊದಲು ಉರಿಯಿತು, ಆಮೇಲೆ ಚುರುಗುಟ್ಟಿತು. ಅಂಥ ಕೈಯಲ್ಲಿ ಕೂಸಿನ ಮೇಲೆ ಕಲಿಯಲಾಗುತ್ತದೆಯೇ? ಅದಕ್ಕೆ ಸಂತೆಯಿಂದ ಒಂದು ದಪ್ಪ ಸೋರೆಕಾಯಿ ತರಿಸಿದೆ. ಕುತ್ತಿಗೆ, ಹೊಟ್ಟೆ, ಹಿಂಭಾಗ ಎಲ್ಲ ಸರಿಯಾಗಿದ್ದದ್ದು. ಬಾಗಿಲು ಹಾಕಿಕೊಂಡು ಅದನ್ನು ಕಾಲಮೇಲೆ ಮಲಗಿಸಿ, ಕುತ್ತಿಗೆಗೆ ಕೈ ಕೊಟ್ಟು, ಎಣ್ಣೆ ಹಚ್ಚಿ, ನೀರು ಹಾಕಿ, ಬೋರಲು ತಿರುಗಿಸಿದೆ. ಜಾರಿ ಹೋಗಿ ಹಂಡೆಗೆ ಬಡಿಯಿತು. ಇನ್ನೊಮ್ಮೆ ಮಾಡಿದೆ.

ಬಾಗಿಲು ಹಾಕಿದ್ದರೇನು, ಬಚ್ಚಲಿಗೆ ಮೇಲೆ ಮುಚ್ಚಿಗೆ ಇಲ್ಲ. ಗೋಡೆಯ ಮೇಲೆ ಫಾತಿಮಾಳ ತಲೆ ಕಾಣಿಸಿತು. ತನ್ನ ಸೊಸೆಯನ್ನು ಕರೆದು ಉರ್ದುವಿನಲ್ಲಿ ಏನೋ ಹೇಳಿದಳು, ಇನ್ನೊಂದು ತಲೆ ಕಾಣಿಸಿತು.

"ಅಕ್ಕಾ, ಕೂಸಿಗೆ ಎರಡು ಹಲ್ಲ ಬಂದ್ರ ಹೇಳು, ಸಕ್ರಿ ಹಂಚೋಣ" ಅಂದಳು.

"ನಗಬ್ಯಾಡ. ಸಂಜೀಕ ಪಲ್ಯ ಮಾಡ್ತೇನಿ, ನಿನಗೂ ಕೊಡ್ತೇನಿ."

"ಯಪ್ಪಾ, ಎರದ ಕೂಸಿನ್ನ ನಾ ಒಲ್ಲೆ."

ಸೋಮವಾರ ಬಂತು. ಸುಮಂಗಲವ್ವ ಮುಂಜಾನೆಯ ಬಸ್ಸಿಗೇ ಬಂದು ಮೊದಲು ಪ್ಯಾಟಿಗೆ ಹೋದಳು, ಆಮೇಲೆ ಆಟೋದಲ್ಲಿ ಚೀಲ ಹಾಕಿಕೊಂಡು ನಮ್ಮ ಮನೆಗೆ ಇಳಿದಳು. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು, ಎರಡೂ ತಂದಿದ್ದಳು. ಒಂದೊಂದು ಅಂಗಡಿಯಲ್ಲಿಯೂ ಮುರಿದು, ಬೀಜ ತಿಕ್ಕಿ, ಮೂಸಿ ನೋಡಿಯೇ ಕೊಂಡೆ ಅಂತ ಹೇಳಿಕೊಂಡಳು. ಬಚ್ಚಲಿಗೆ ಬಂದು ಸಾಬಾಣ ಹಚ್ಚಿ ಕೈ ತೊಳೆದಳು. ಹಂಡೆಯಲ್ಲಿ ನೀರು ಕಾಯ್ದಿತ್ತು, ಸವಿತಾ ಕೂಸಿಗೆ ಎಣ್ಣೆ ಹಚ್ಚಿ ಎತ್ತಿಕೊಂಡು ನಿಂತಿದ್ದಳು, ನಾನು ಕಲ್ಲಿನ ಮೇಲೆ ಕುಳಿತಿದ್ದೆ. ಸುಮಂಗಲವ್ವ ಸೀರೆ ಎತ್ತಿ ಕಟ್ಟಿ ನನ್ನ ಪಕ್ಕಕ್ಕೇ ಕುಳಿತು ಕಾಲು ನೀಡಿದಳು.

"ಸರೀರಿ ಅಮ್ಮಾರ. ಕೊಡವಾ ಸವಿತಾ, ಹೆಂಗ ಎರಿಯೂದು ನಾ ತೋರಿಸ್ತೇನಿ."

ಸವಿತಾ ನನ್ನ ಮುಖ ನೋಡಿದಳು.

"ಬೀಗತೇರ, ನಮ್ಮ ಮನ್ಯಾಗ ಒಂದ ಪದ್ಧತಿ ಐತ್ರಿ" ಅಂದೆ. "ಕೂಸು ಮುಟ್ಟೂಕಿಂತ ಮೊದಲ ನಮ್ಮ ಕಣ್ಣಾಗ ಬೆರಳ ಇಟ್ಕೋಬೇಕು."

"ಇದ್ಯಾತರ ಪದ್ಧತಿ?"

"ನಮ್ಮ ಅತ್ತೀದು."

"ಹಂಗಾದ್ರ ನೀವ ಇಟ್ಕೋರಿ ಮೊದಲ."

ಇಟ್ಟುಕೊಂಡೆ. ಬಲಗಣ್ಣು, ಎಡಗಣ್ಣು. ಏನೂ ಇಲ್ಲ. ತಣ್ಣಗಿತ್ತು. ಅವಳ ಕಡೆ ತಿರುಗಿ ಕಣ್ಣು ಪಿಳುಕಿಸಿ ತೋರಿಸಿದೆ. ಆಮೇಲೆ ಅವಳ ಕೈ ನೋಡಿ ಹೇಳಿದೆ, "ನೀವು ಗುಂಟೂರು ಮುರದೀರಿ. ಸಾಬಾಣಕ್ಕ ಹೋಗೂದಿಲ್ರಿ ಅದು. ನನ್ನ ಮಾತ ಕೇಳ್ರಿ, ಬ್ಯಾಡ ಬಿಡ್ರಿ."

ಖರೇನೇ ಹೇಳಿದೆ. ಆದರೆ ಕೂಸು ಕೊಡಬಾರದು ಅಂತ ಆಟ ಹೂಡಿದ್ದಾಳೆ ಮುದುಕಿ ಅಂದುಕೊಂಡಳು ಅಂತ ಕಾಣುತ್ತದೆ. "ನಿಮಗ ಆಗದ್ದು ನನಗೇನ ಆಗತೈತಿ" ಅಂತ ಬೆರಳು ಇಟ್ಟೇಬಿಟ್ಟಳು.

ಮೊದಲು ಏನೂ ಆಗಲಿಲ್ಲ. ಖಾರ ಬಾಗಿಲು ಬಡಿದು ಬರುವುದಿಲ್ಲ. ಅವಳು ಗೆದ್ದವಳ ಹಾಗೆ ನನ್ನ ಕಡೆ ನೋಡಿದಳು. ನೋಡುತ್ತಿರುವಾಗಲೇ ಮುಖ ಮುದುಡಿತು. "ಯವ್ವಾ, ಸತ್ತೆ" ಅಂತ ಎರಡೂ ಕೈ ಕಣ್ಣಿಗೆ ಒಯ್ದಳು. ಅಂದರೆ ಇನ್ನೊಂದು ಕಣ್ಣಿಗೂ ಹಚ್ಚಿಕೊಂಡಳು. ಕೂಗು ಕೇಳಿ ಗಿರಣಿಯಿಂದ ಶಾಂತವ್ವ ಓಡಿ ಬಂದು ಬೀಗತಿಯ ಕಣ್ಣು ತೊಳೆಯಲು ಕೈ ಚಾಚಿದಳು. ಮೊಣಕೈತನಕ ಕೆಂಪು. "ನೀ ಮುಟ್ಟಬ್ಯಾಡ, ದೂರ ಸರಿ" ಅಂತ ನಾನು ಚೀರಿದೆ. ಇನ್ನು ಉಳಿದವಳು ಸವಿತಾ. ಅವಳು ಕೂಸನ್ನು ನನ್ನ ಕೈಗೆ ತುರುಕಿ, ತನ್ನ ಅತ್ತೆಯ ಕಣ್ಣಿಗೆ ತಣ್ಣೀರು ಹೊಡೆಯಲು ಓಡಿದಳು.

ಕೂಸು ನನ್ನ ಕೈಯಲ್ಲಿತ್ತು. ಎಣ್ಣೆ ಹಚ್ಚಿದ ಮೈ. ನೀರು ಆರುತ್ತಿತ್ತು. ಕಾಯುತ್ತ ಕುಳಿತರೆ ಕೂಸಿಗೆ ಚಳಿ. ಕಾಲ ಮೇಲೆ ಮಲಗಿಸಿದೆ, ಮೊದಲ ಚೊಂಬು ನನ್ನ ಕಾಲಿಗೆ ಹಾಕಿಕೊಂಡೆ, ಸರಿ ಅನಿಸಿತು, ಶುರು ಮಾಡಿದೆ.

ಸೋರೆಕಾಯಿಗೂ ಕೂಸಿಗೂ ಭಾಳ ಫರಕು. ಸೋರೆಕಾಯಿ ಹಿಡಿದ ಹಾಗೆ ಇರುತ್ತದೆ. ಕೂಸು ನಿಮ್ಮನ್ನು ತಿರುಗಿ ಹಿಡಿಯುತ್ತದೆ. ಕಂಕುಳಲ್ಲಿ ಬೆರಳು ಹೋದರೆ ಬಿಗಿಹಿಡಿಯುತ್ತದೆ, ಕುತ್ತಿಗೆಗೆ ಅಂಗೈ ಕೊಟ್ಟರೆ ಇಡೀ ತಲೆ ಬಿಟ್ಟುಕೊಡುತ್ತದೆ. ನನ್ನ ಕಾಲಿಗೆ ಇಷ್ಟು ವರ್ಷ ಅದರ ತೂಕ ಗೊತ್ತಿತ್ತು, ಮೆತ್ತಗೆ ಎಷ್ಟು ಅನ್ನುವುದು ಗೊತ್ತಿರಲಿಲ್ಲ. ಬೆನ್ನ ಮೇಲೆ ಹಿಟ್ಟು ಹಚ್ಚಿ ಎಳೆದಾಗ ಒಂದೊಂದು ಎಲುಬು ಬೆರಳಿಗೆ ಹತ್ತಿ ಹೋಯಿತು, ಅವರೆಕಾಳಿನಂಥವು. ಅತ್ತೆ ಈ ಕೆಲಸವನ್ನು ಯಾಕೆ ಯಾರಿಗೂ ಬಿಟ್ಟುಕೊಡಲಿಲ್ಲ ಅನ್ನುವುದು ಆಗ ತಿಳಿಯಿತು. ಮೆಣಸಿನಕಾಯಿ ಅರ್ಧ ನೆವ. ಕಳ್ಳಿ.

ಗದ್ದಲಕ್ಕೆ ಬಸವರಾಜ ಮಷೀನು ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತ. ಅವನ ಮೀಸೆ ಬೆಳ್ಳಗಾಗಿದೆ, ಅವತ್ತು ಖಾರದ ಪುಡಿಗೆ ಕೆಂಪಗಿತ್ತು.

"ಅವ್ವಾ, ನೀನಾ ಎರಿಯಾಕತ್ತೀದಿ?"

"ಹೂಂ, ನಾನ. ಸರಿ, ಬೆಳಕ ಬಿಡು."

ಸರಿದು ನಿಂತ. ಬೆನ್ನು ಈ ಕಡೆ ಮಾಡಿ ಬೀಗತಿಗೆ ಕುರ್ಚಿ ಹಾಕಿದ. ಅಗಲ ಬೆನ್ನು. ಇದು ಕೂಸಾಗಿದ್ದಾಗ ಹೇಗಿತ್ತು ಅಂತ ನನ್ನ ಕೈಗೆ ಗೊತ್ತಿಲ್ಲ. ಇನ್ನು ಅವನನ್ನು ಕರೆದು ಕಾಲಮೇಲೆ ಮಲಗಿಸಲು ಬರುವುದಿಲ್ಲ, ಕಾಲು ಮುರಿದಾವು. ಕೂಸನ್ನು ಬೋರಲು ತಿರುಗಿಸಿದೆ. ಜಾರಲಿಲ್ಲ. ಕೊನೆಯ ಚೊಂಬು ಸುರಿದು ಮೈ ಒರೆಸಿ ಸುತ್ತುವಷ್ಟರಲ್ಲಿ ಅದು ಒಂದು ಸಲ ಆಕಳಿಸಿ, ನನ್ನ ಸೀರೆ ತೋಯಿಸಿ, ನಿದ್ದೆ ಹೋಯಿತು.

ಸುಮಂಗಲವ್ವ ಕುರ್ಚಿಯಲ್ಲಿ ಒದ್ದೆ ಅರಿವೆ ಹಿಡಿದು ಕುಳಿತಿದ್ದಳು. ಅರಿವೆ ಸರಿಸಿ ಒಂದು ಕೆಂಪು ಕಣ್ಣಿನಿಂದ ಕೂಸನ್ನು ನೋಡಿದಳು, ನನ್ನ ಕೈ ನೋಡಿದಳು, ತನ್ನ ಕೈ ನೋಡಿದಳು. ನೋಡಿ ಬೆರಳು ಮಡಚಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಳು. ಮಧ್ಯಾಹ್ನ ಉಂಡು, ಖಾರ ಕುಟ್ಟಿಸಿಕೊಂಡು, ಹೊರಡುವಾಗ ಹೇಳಿದಳು.

"ಇರ್ಲಿ ಬಿಡ್ರಿ ಅಮ್ಮಾರ. ತಾಯಿ ಕೂಸು ಇಲ್ಲೇ ಇರ್ಲಿ, ಬಾಣಂತನ ಮುಗಿಸೇ ಕಳಸ್ರಿ. ಸವಿತಾ ಮಾತ್ರ ನೀರಾಗ ಕೈ ಹಾಕಬಾರದು."

"ಹಾಕೂದಿಲ್ರಿ."

"ಮತ್ತ ದಿನಾ ಸ್ವಲ್ಪ ಮೂಗ ಎತ್ತಿ ತಿಕ್ಕರಿ. ನಿಮ್ಮ ಮನೀ ಮೂಗ ಬಂದೈತಿ ಕೂಸಿಗೆ."

"ನಮ್ಮ ಮೂಗಿಗೆ ಏನಾಗೇತ್ರಿ? ವಾಸನಿ ಬರೂದಿಲ್ಲ, ಅಷ್ಟ."

ನಕ್ಕಳು. ನಕ್ಕರೆ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಎತ್ತಿದವಳು ಥಟ್ಟನೆ ಇಳಿಸಿ, ಮೊಣಕೈಯಿಂದ ಒರೆಸಿಕೊಂಡಳು. ಬ್ಯಾಡಗಿಯವರ ಹಾಗೆ.

ಈಗ ಸವಿತಾ ಬಚ್ಚಲ ಹೊರಗೆ ಗೋಡೆಗೆ ಒರಗಿ ಕುಳಿತು ಚಹಾ ಕುಡಿಯುತ್ತ ನನಗೆ ತಪ್ಪು ಹೇಳುತ್ತಾಳೆ. ಒಳಗೆ ನಾನೊಬ್ಬಳೇ. ಕಾಲೂ ನನ್ನವು, ಕೈಯೂ ನನ್ನವು.

ಇವತ್ತು ಮಧ್ಯಾಹ್ನ ಗಿರಣಿಯಲ್ಲಿ ಗಿರಾಕಿ ತುಂಬಿದ್ದರು. ಹಾನಗಲ್ಲಿನ ಕಡೆಯವನೊಬ್ಬ ತೊಟ್ಟು ಸಮೇತ ಚೀಲಗಟ್ಟಲೆ ತಂದು ಲಗು ಲಗು ಅಂತ ಅವಸರ ಮಾಡುತ್ತ ನಿಂತಿದ್ದ. ಶಾಂತವ್ವ ಒಳಗೆ ಬಂದಳು.

"ಅತ್ತಿ, ಬರ್ರಿ, ಒಂದೀಟ ತುಂಬು ಬಿಡಸ್ರಿ."

"ನಾ ಮುಟ್ಟೂದಿಲ್ಲ."

"ಯಾಕ್ರಿ, ಹುಷಾರಿಲ್ಲೇನು?"

"ಹುಷಾರ ಅದೇನಿ. ಮುಂಜಾನಿ ಎರಿಯೂದೈತಿ."

ಮದುವೆಯಾಗಿ ಬಂದ ಮೇಲೆ ಈ ಊರಿನಲ್ಲಿ ಮೆಣಸಿನಕಾಯಿಗೆ ಬಾಯಿಬಿಟ್ಟು ಒಲ್ಲೆ ಅಂದದ್ದು ಇದೇ ಮೊದಲು. ಶಾಂತವ್ವ ಹಣೆಯ ಮೇಲಿನ ಬೆವರನ್ನು ತೋಳಿನಿಂದ ಒರೆಸಿಕೊಂಡು ನನ್ನನ್ನೇ ನೋಡಿದಳು. "ಗಿರಾಕಿ ನಿಂತಾನ್ರಿ, ಏನ ಹೇಳ್ಲಿ ಅವಗ?"

"ಸುಮ್ನ ನಿಂತಾನಲ್ಲ, ಕೈ ಖಾಲಿ ಅದಾವು. ಅವನ್ನ ಬಿಡಸಾಕ ಕುಂದರಸು."

ಹೋಗಿ ಕುಂದರಿಸಿದಳು. ತೊಟ್ಟು ಮುರಿಯುವ ಸದ್ದು ಶುರುವಾಯಿತು, ಆಮೇಲೆ ಅವನು ಸೀನುವ ಸದ್ದು. ತೊಟ್ಟಿಲಲ್ಲಿ ಕೂಸು ಎದ್ದು ಮಿಸುಕಿತು. ಅರಿವೆ ಬದಲಿಸಬೇಕು. ನಾನು ಎದ್ದೆ.